ಕಿರ್ದಿಯಿಂದಲೇ ನೇರ ಲೆಕ್ಕ: ಉದ್ಯಮ ದತ್ತಾಂಶದ ವಿಶ್ಲೇಷಣೆಗೆ ವೇಗ ಬಂದ ಬಗೆ

ದೊಡ್ಡ ಉದ್ಯಮವೊಂದರ ಕಂಪ್ಯೂಟರುಗಳಲ್ಲಿ ದಿನವೂ ಲಕ್ಷಗಟ್ಟಲೆ ವ್ಯವಹಾರಗಳು ದಾಖಲಾಗುತ್ತವೆ. ಬಂದ ಬೇಡಿಕೆ, ಹೊರಟ ಸರಕು, ಹಾಕಿದ ಬಿಲ್ಲು, ಜಮೆಯಾದ ಹಣ, ಗೋದಾಮಿನಲ್ಲಿ ಉಳಿದ ದಾಸ್ತಾನು ಎಲ್ಲಕ್ಕೂ ಲೆಕ್ಕವಿರುತ್ತದೆ. ಹೀಗಿದ್ದೂ ಕಳೆದ ವಾರ ಯಾವ ಜಿಲ್ಲೆಯಲ್ಲಿ ಯಾವ ಸರಕು ಎಷ್ಟು ಮಾರಾಟವಾಯಿತು, ಅದರಲ್ಲಿ ಗಿಟ್ಟಿದ ಲಾಭವೆಷ್ಟು ಎಂಬಂಥ ಸರಳ ಪ್ರಶ್ನೆಗೂ ಉತ್ತರ ಪಡೆಯಲು ಬಹುಕಾಲ ಮರುದಿನದವರೆಗೆ, ಕೆಲವೊಮ್ಮೆ ತಿಂಗಳ ಕೊನೆಯವರೆಗೆ ಕಾಯಬೇಕಾಗುತ್ತಿತ್ತು. ಈ ವಿಳಂಬಕ್ಕೆ ಮಾಹಿತಿಯ ಕೊರತೆ ಕಾರಣವಾಗಿರಲಿಲ್ಲ. ಬರೆದಿಡಲು ಅನುಕೂಲವಾಗುವಂತೆ ಜೋಡಿಸಿದ್ದ ಮಾಹಿತಿ, ಪ್ರಶ್ನೆ ಕೇಳುವವರಿಗೆ ಅಷ್ಟು ಸುಲಭವಾಗಿ ಒದಗುತ್ತಿರಲಿಲ್ಲ. ಕಳೆದ ಒಂದೂವರೆ ದಶಕದಲ್ಲಿ ಬಂದ ಉದ್ಯಮ ತಂತ್ರಾಂಶಗಳು ಈ ಜೋಡಣೆಯನ್ನೇ ಬದಲಿಸಿ, ಗಂಟೆಗಳ ಕೆಲಸವನ್ನು ಸೆಕೆಂಡುಗಳಿಗೆ ಇಳಿಸಿವೆ. ಆ ಬದಲಾವಣೆ ಹೇಗೆ ಆಯಿತು, ಅದರಿಂದ ಏನು ಸಾಧ್ಯ, ಯಾವುದು ಅದರ ಕೈಗೆ ಎಟುಕದು ಎಂಬುದನ್ನು ಅರಿಯಲು ಜರ್ಮನಿಯ ಎಸ್‌ಎಪಿ ಸಂಸ್ಥೆಯ ‘ಹಾನಾ’ ಎಂಬ ತಂತ್ರಾಂಶದ ಕಥೆ ಒಳ್ಳೆಯ ನಿದರ್ಶನ.

ದಾಖಲೆ ಒಂದೆಡೆ, ವಿಶ್ಲೇಷಣೆ ಇನ್ನೊಂದೆಡೆ

ಐಬಿಎಂ ಸಂಸ್ಥೆಯನ್ನು ಬಿಟ್ಟು ಬಂದ ಐವರು ಎಂಜಿನಿಯರುಗಳು 1972ರಲ್ಲಿ ಜರ್ಮನಿಯಲ್ಲಿ ಎಸ್‌ಎಪಿಯನ್ನು ಸ್ಥಾಪಿಸಿದರು. ಹಾಸೊ ಪ್ಲಾಟ್ನರ್ ಮತ್ತು ಡೀಟ್‌ಮಾರ್ ಹಾಪ್ ಅವರಲ್ಲಿ ಪ್ರಮುಖರು. ಒಂದು ಉದ್ಯಮದ ಖರೀದಿ, ಉತ್ಪಾದನೆ, ಮಾರಾಟ, ಹಣಕಾಸು, ಸಿಬ್ಬಂದಿ ವ್ಯವಹಾರಗಳನ್ನೆಲ್ಲ ಒಂದೇ ವ್ಯವಸ್ಥೆಯಲ್ಲಿ ಹೆಣೆದು, ಒಂದು ವಿಭಾಗದಲ್ಲಿ ದಾಖಲಾದದ್ದು ಉಳಿದ ವಿಭಾಗಗಳಿಗೂ ತಾನಾಗಿ ತಲುಪುವಂತೆ ಮಾಡುವ ತಂತ್ರಾಂಶಕ್ಕೆ ಇಆರ್‌ಪಿ, ಅಂದರೆ ಉದ್ಯಮ ಸಂಪನ್ಮೂಲ ಯೋಜನೆಯ ತಂತ್ರಾಂಶ ಎಂದು ಹೆಸರು. 1992ರಲ್ಲಿ ಬಂದ ಎಸ್‌ಎಪಿಯ ‘ಆರ್/3’ ಈ ಬಗೆಯ ತಂತ್ರಾಂಶವನ್ನು ಜಗತ್ತಿನ ದೊಡ್ಡ ಕಂಪನಿಗಳ ಕಚೇರಿಗಳಿಗೆಲ್ಲ ಒಯ್ದಿತು.

ಇಂಥ ತಂತ್ರಾಂಶಗಳ ತಳಹದಿಯಲ್ಲಿ ಇದ್ದದ್ದು ಸಂಬಂಧಾತ್ಮಕ ಡೇಟಾಬೇಸ್. ಐಬಿಎಂನ ಸಂಶೋಧಕ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ರೂಪುಗೊಂಡ ಈ ಪರಿಕಲ್ಪನೆಯ ಪ್ರಕಾರ ಎಲ್ಲ ದತ್ತಾಂಶವೂ ಕೋಷ್ಟಕಗಳಲ್ಲಿ ಇರುತ್ತದೆ; ಒಂದೊಂದು ಅಡ್ಡಸಾಲು ಒಂದೊಂದು ವ್ಯವಹಾರವನ್ನೂ, ಒಂದೊಂದು ಕಂಬಸಾಲು ದಿನಾಂಕ, ಗ್ರಾಹಕ, ಜಿಲ್ಲೆ, ಮೊತ್ತ ಮುಂತಾದ ಒಂದೊಂದು ವಿವರವನ್ನೂ ಹೇಳುತ್ತದೆ. ಕಂಪ್ಯೂಟರಿನ ಡಿಸ್ಕಿನಲ್ಲಿ ಈ ಕೋಷ್ಟಕವನ್ನು ಇಡುವಾಗ ಒಂದು ಅಡ್ಡಸಾಲಿನ ಎಲ್ಲ ವಿವರಗಳನ್ನೂ ಒತ್ತಟ್ಟಿಗೆ ಬರೆಯುವುದು ರೂಢಿಯಾಯಿತು. ಒಂದು ಬಿಲ್ಲು ಹಾಕುವಾಗ, ಹಾಕಿದ ಬಿಲ್ಲನ್ನು ತೆಗೆದು ತೋರಿಸುವಾಗ ಅದರ ಎಲ್ಲ ವಿವರಗಳೂ ಒಟ್ಟಿಗೆ ಬೇಕಾಗುವುದರಿಂದ ದಾಖಲಾತಿಯ ಕೆಲಸಕ್ಕೆ ಈ ಕ್ರಮ ಹೇಳಿ ಮಾಡಿಸಿದಂತಿತ್ತು.

ತೊಡಕು ಎದ್ದದ್ದು ಮೊತ್ತ ಕೂಡಿಸುವಾಗ. ಕೋಟಿ ಸಾಲುಗಳನ್ನು ಒಂದೊಂದಾಗಿ ಓದಿ ಕೂಡಿಸುವುದು ಅಂದಿನ ಯಂತ್ರಗಳಿಗೆ ಹೊರಲಾಗದ ಹೊರೆಯಾಗಿತ್ತು. ಹಳೆಯ ಕಾಲದ ಮಂಡಿಯ ಗುಮಾಸ್ತನು ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಸಂಜೆ ಅದನ್ನು ಖಾತೆವಾರು ವಿಂಗಡಿಸಿ ಖತಾವಣಿಗೆ ಏರಿಸುತ್ತಿದ್ದಂತೆ, ಇಆರ್‌ಪಿ ತಂತ್ರಾಂಶಗಳೂ ಮೂಲ ದಾಖಲೆಯ ಕೋಷ್ಟಕಗಳ ಜೊತೆಗೆ ಮೊತ್ತಗಳಿಗಾಗಿಯೇ ಬೇರೆ ಕೋಷ್ಟಕಗಳನ್ನು ಇಟ್ಟುಕೊಂಡು, ಪ್ರತಿ ವ್ಯವಹಾರಕ್ಕೂ ಅವುಗಳನ್ನು ತಿದ್ದುತ್ತ ಹೋದವು. ಹೀಗೆ ಒಂದೇ ಸಂಗತಿ ಹತ್ತಾರು ಕಡೆ ದಾಖಲಾಯಿತು. ಒಂದು ಕಡೆಯ ಅಂಕಿ ಇನ್ನೊಂದು ಕಡೆಯ ಅಂಕಿಗೆ ತಾಳೆಯಾಗುತ್ತದೆಯೇ ಎಂದು ನೋಡುವುದೇ ತಿಂಗಳ ಕೊನೆಯ ದೊಡ್ಡ ಕೆಲಸವಾಯಿತು.

ಇಷ್ಟಾದರೂ ಸಾಲದೆ, ವಿಶ್ಲೇಷಣೆಗೆಂದೇ ಪ್ರತ್ಯೇಕ ಡೇಟಾಬೇಸ್ ಕಟ್ಟುವ ಪದ್ಧತಿ 1990ರ ದಶಕದಲ್ಲಿ ಬೇರೂರಿತು. ಇದಕ್ಕೆ ‘ಡೇಟಾ ವೇರ್‌ಹೌಸ್’, ಅಂದರೆ ದತ್ತಾಂಶ ಉಗ್ರಾಣ ಎಂದು ಹೆಸರು. ಬಿಲ್ ಇನ್‌ಮನ್ ಮತ್ತು ರಾಲ್ಫ್ ಕಿಂಬಾಲ್ ಇದರ ಎರಡು ಭಿನ್ನ ಪಂಥಗಳ ಪ್ರವರ್ತಕರು. ರಾತ್ರಿ ವ್ಯವಹಾರಗಳು ತಣ್ಣಗಾದ ಮೇಲೆ ಮೂಲ ವ್ಯವಸ್ಥೆಯಿಂದ ದತ್ತಾಂಶವನ್ನು ಹೊರತೆಗೆದು, ಶುದ್ಧಗೊಳಿಸಿ, ಉಗ್ರಾಣಕ್ಕೆ ತುಂಬಲಾಗುತ್ತಿತ್ತು. ಬೆಳಗ್ಗೆ ವ್ಯವಸ್ಥಾಪಕರ ಮುಂದೆ ಬರುತ್ತಿದ್ದ ವರದಿ ಆದ್ದರಿಂದ ಯಾವಾಗಲೂ ನಿನ್ನೆಯದೇ ಆಗಿರುತ್ತಿತ್ತು. ಅದಕ್ಕಿಂತ ದೊಡ್ಡ ಮಿತಿಯೆಂದರೆ, ಯಾವ ಪ್ರಶ್ನೆ ಬರಬಹುದೆಂದು ಮೊದಲೇ ಊಹಿಸಿ ಅದಕ್ಕೆ ತಕ್ಕ ಮೊತ್ತಗಳನ್ನು ಸಿದ್ಧಪಡಿಸಬೇಕಾಗಿದ್ದುದರಿಂದ, ಯಾರೂ ಊಹಿಸದ ಪ್ರಶ್ನೆ ಎದುರಾದಾಗ ಐಟಿ ವಿಭಾಗಕ್ಕೆ ಕೋರಿಕೆ ಸಲ್ಲಿಸಿ ವಾರಗಟ್ಟಲೆ ಕಾಯುವುದು ಅನಿವಾರ್ಯವಾಗಿತ್ತು.

ಅಡ್ಡಸಾಲಿನಿಂದ ಕಂಬಸಾಲಿಗೆ

ಈ ಗಂಟನ್ನು ಬಿಡಿಸಿದ ಮೊದಲ ಉಪಾಯ ಸರಳವಾದದ್ದು: ಕೋಷ್ಟಕವನ್ನು ಅಡ್ಡಸಾಲಿನ ಬದಲು ಕಂಬಸಾಲಿನ ಪ್ರಕಾರ ಶೇಖರಿಸುವುದು. ಎಲ್ಲ ದಿನಾಂಕಗಳು ಒಂದೆಡೆ, ಎಲ್ಲ ಜಿಲ್ಲೆಗಳು ಒಂದೆಡೆ, ಎಲ್ಲ ಮೊತ್ತಗಳು ಒಂದೆಡೆ ಇದ್ದರೆ, ಜಿಲ್ಲಾವಾರು ಮಾರಾಟ ಕೇಳಿದಾಗ ಜಿಲ್ಲೆ ಮತ್ತು ಮೊತ್ತದ ಎರಡು ಕಂಬಸಾಲುಗಳನ್ನಷ್ಟೇ ಓದಿದರೆ ಸಾಕು; ಗ್ರಾಹಕರ ವಿಳಾಸ, ಲಾರಿಯ ಸಂಖ್ಯೆ, ತೆರಿಗೆಯ ವಿವರಗಳನ್ನು ಮುಟ್ಟಬೇಕಾಗಿಯೇ ಇಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡಬಹುದು. ಕರ್ನಾಟಕದ ಉದ್ದಗಲಕ್ಕೂ ಸರಕು ಮಾರುವ ಕಂಪನಿಯೊಂದರ ಮಾರಾಟ ಕೋಷ್ಟಕದಲ್ಲಿ 1 ಕೋಟಿ ಸಾಲುಗಳಿವೆ, ಪ್ರತಿ ಸಾಲೂ 200 ಬೈಟುಗಳಷ್ಟಿದೆ ಎಂದು ಭಾವಿಸಿದರೆ, ಇಡೀ ಕೋಷ್ಟಕದ ಗಾತ್ರ 200 ಕೋಟಿ ಬೈಟ್, ಅಂದರೆ ಸುಮಾರು 2 ಜಿಬಿ. ಅಡ್ಡಸಾಲಿನ ಕ್ರಮದಲ್ಲಿ ಮೊತ್ತ ಕೂಡಿಸಲು ಅಷ್ಟನ್ನೂ ಓದಬೇಕು. ಕಂಬಸಾಲಿನ ಕ್ರಮದಲ್ಲಾದರೆ ಮೊದಲಿಗೆ ಮೊತ್ತದ ಕಂಬಸಾಲು ಬೇಕು; ಒಂದು ಮೊತ್ತಕ್ಕೆ 4 ಬೈಟಿನಂತೆ ಅದು 40 ಎಂಬಿ ಆಗುತ್ತದೆ. ಜಿಲ್ಲೆಯ ಕಂಬಸಾಲಿಗೆ ಇನ್ನೊಂದು ಜಾಣ್ಮೆಯನ್ನು ಬಳಸಬಹುದು. ರಾಜ್ಯದಲ್ಲಿರುವ ಜಿಲ್ಲೆಗಳು 31. ಅವುಗಳ ಹೆಸರನ್ನು ಒಂದು ಪಟ್ಟಿಯಲ್ಲಿ ಒಮ್ಮೆ ಬರೆದು ಕ್ರಮಸಂಖ್ಯೆ ಕೊಟ್ಟರೆ, ಕೋಟಿ ಸಾಲುಗಳಲ್ಲೂ ಹೆಸರಿನ ಬದಲು ಆ ಸಂಖ್ಯೆಯನ್ನು ಮಾತ್ರ ಇಡಬಹುದು. ಸೊನ್ನೆ ಅಥವಾ ಒಂದು ಎಂಬ ಎರಡೇ ಬೆಲೆಗಳಲ್ಲೊಂದನ್ನು ತಾಳುವ ಅತಿ ಕಿರಿಯ ಘಟಕವೇ ಬಿಟ್. 5 ಬಿಟ್‌ಗಳಿಂದ 32 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದಾದ್ದರಿಂದ 31 ಜಿಲ್ಲೆಗಳಿಗೆ ಅಷ್ಟೇ ಸಾಕು. ಒಂದು ಕೋಟಿ ಸಾಲುಗಳಿಗೆ 5 ಕೋಟಿ ಬಿಟ್; 8 ಬಿಟ್‌ಗೆ ಒಂದು ಬೈಟಿನಂತೆ ಅದು 6.25 ಎಂಬಿ. ಎರಡೂ ಸೇರಿ ಓದಬೇಕಾದದ್ದು ಸುಮಾರು 46 ಎಂಬಿ. 2,000 ಎಂಬಿ ಓದುವ ಕೆಲಸ ಯಂತ್ರವನ್ನು ಬದಲಿಸದೆಯೇ ನಲವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಗೆ ಇಳಿಯಿತು. ಈ ಬಗೆಯ ಸಂಕುಚನಕ್ಕೆ ತಂತ್ರಜ್ಞರು ‘ಡಿಕ್ಷನರಿ ಎನ್‌ಕೋಡಿಂಗ್’ ಎನ್ನುತ್ತಾರೆ. ಒಂದೇ ಜಾತಿಯ ವಿವರಗಳು ಒಟ್ಟಿಗಿರುವ ಕಂಬಸಾಲಿನಲ್ಲಿ ಇದು ಸೊಗಸಾಗಿ ಒಗ್ಗುತ್ತದೆ.

ಈ ಉಪಾಯ ಹೊಸದೇನಲ್ಲ. ಕೋಷ್ಟಕವನ್ನು ಕಂಬಸಾಲುಗಳಾಗಿ ಬಿಡಿಸಿಡುವ ಮಾದರಿಯ ಬಗ್ಗೆ 1985ರಲ್ಲೇ ಪ್ರಬಂಧ ಬಂದಿತ್ತು. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದಲ್ಲಿ ‘ಮೊನೆಟ್‌ಡಿಬಿ’ ಎಂಬ ಡೇಟಾಬೇಸ್ ಈ ನೆಲೆಯಲ್ಲೇ ಬೆಳೆಯಿತು. ಮುಂದೆ 2014ರ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು 2005ರಲ್ಲಿ ಅಮೆರಿಕದಲ್ಲಿ ‘ಸಿ-ಸ್ಟೋರ್’ ಎಂಬ ಮಾದರಿಯನ್ನು ಮುಂದಿಟ್ಟರು. ಆದರೆ ಇವೆಲ್ಲ ವಿಶ್ಲೇಷಣೆಗೆ ಮೀಸಲಾಗಿದ್ದವು. ದಿನನಿತ್ಯದ ದಾಖಲಾತಿಗೆ ಕಂಬಸಾಲಿನ ಕ್ರಮ ಒಗ್ಗದು, ಏಕೆಂದರೆ ಒಂದು ಬಿಲ್ಲು ಹಾಕಲು ಹತ್ತಾರು ಕಂಬಸಾಲುಗಳ ತುದಿಗೆ ಹೋಗಿ ಬರೆಯಬೇಕಾಗುತ್ತದೆ ಎಂಬುದು ಆಗಿನ ಸಾಮಾನ್ಯ ನಂಬಿಕೆಯಾಗಿತ್ತು.

ಡಿಸ್ಕಿನಿಂದ ಮೆಮೊರಿಗೆ

ಎರಡನೆಯ ಉಪಾಯ ದತ್ತಾಂಶದ ನೆಲೆಯನ್ನೇ ಬದಲಿಸಿತು. ತಿರುಗುವ ಡಿಸ್ಕಿನಲ್ಲಿ ಒಂದು ತುಣುಕು ದತ್ತಾಂಶವನ್ನು ಹುಡುಕಿ ತಲುಪಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಕಂಪ್ಯೂಟರಿನ ಮುಖ್ಯ ಮೆಮೊರಿಯಲ್ಲಿ ಅದೇ ಕೆಲಸಕ್ಕೆ ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗದಷ್ಟು ಸಾಕು. ಈ ಎರಡರ ನಡುವಿನ ಅಂತರ ಸುಮಾರು ಒಂದು ಲಕ್ಷ ಪಟ್ಟು. ಇದು ಎಲ್ಲರಿಗೂ ತಿಳಿದ ವಿಷಯವೇ ಆಗಿದ್ದರೂ ಮೆಮೊರಿ ದುಬಾರಿಯಾಗಿದ್ದುದರಿಂದ ಇಡೀ ಉದ್ಯಮದ ದತ್ತಾಂಶವನ್ನು ಅದರಲ್ಲಿಡುವುದು ಯೋಚಿಸಲೂ ಆಗದ ಮಾತಾಗಿತ್ತು. 2000ದ ದಶಕದ ಕೊನೆಯ ಹೊತ್ತಿಗೆ ಮೆಮೊರಿಯ ಬೆಲೆ ಇಳಿಯಿತು, ಒಂದೇ ಚಿಪ್ಪಿನಲ್ಲಿ ಹಲವು ಸಂಸ್ಕಾರಕ ಘಟಕಗಳು ಬಂದವು, ಕಂಬಸಾಲಿನ ಸಂಕುಚನದಿಂದ ದತ್ತಾಂಶದ ಗಾತ್ರವೂ ಕುಗ್ಗಿತು. ಮೂರೂ ಕೂಡಿಬಂದಾಗ ಯೋಚಿಸಲಾಗದ್ದು ಕೈಗೂಡುವಂತಾಯಿತು.

ಪಾಟ್ಸ್‌ಡ್ಯಾಮಿನಲ್ಲಿ ತಮ್ಮ ಹೆಸರಿನಲ್ಲೇ ಸ್ಥಾಪನೆಯಾಗಿರುವ ಸಂಸ್ಥೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಪ್ಲಾಟ್ನರ್, 2009ರಲ್ಲಿ ಡೇಟಾಬೇಸ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ದಾಖಲಾತಿಗೂ ವಿಶ್ಲೇಷಣೆಗೂ ಒಂದೇ ಡೇಟಾಬೇಸ್ ಸಾಕು ಎಂಬ ವಾದವನ್ನು ಮಂಡಿಸಿದರು. ಎಸ್‌ಎಪಿಯೊಳಗೆ ಈ ಕೆಲಸವನ್ನು ಮುನ್ನಡೆಸಿದವರಲ್ಲಿ ಅಂದಿನ ತಂತ್ರಜ್ಞಾನ ಮುಖ್ಯಸ್ಥ ವಿಶಾಲ್ ಸಿಕ್ಕಾ ಪ್ರಮುಖರು; ಅವರೇ 2014ರಲ್ಲಿ ಬೆಂಗಳೂರಿನ ಇನ್ಫೊಸಿಸ್‌ಗೆ ಮುಖ್ಯ ಕಾರ್ಯನಿರ್ವಾಹಕರಾಗಿ ಬಂದರು. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಕಟ್ಟಿದ್ದ ಮೆಮೊರಿ ಡೇಟಾಬೇಸ್, ಎಸ್‌ಎಪಿಯದೇ ಆದ ‘ಟ್ರೆಕ್ಸ್’ ಎಂಬ ಶೋಧಯಂತ್ರ ಮೊದಲಾದ ಹಿಂದಿನ ಘಟಕಗಳ ಅನುಭವವನ್ನು ಒಗ್ಗೂಡಿಸಿ ರೂಪಿಸಿದ ಹಾನಾ 2010ರಲ್ಲಿ ಪ್ರಕಟವಾಗಿ, 2011ರಲ್ಲಿ ಎಲ್ಲ ಗ್ರಾಹಕರಿಗೂ ದೊರೆಯಿತು.

ಕಂಬಸಾಲಿನಲ್ಲಿ ಹೊಸ ದಾಖಲೆ ಬರೆಯುವುದು ನಿಧಾನ ಎಂಬ ತೊಡಕಿಗೆ ಹಾನಾ ಕಂಡುಕೊಂಡ ದಾರಿ ಗಮನಾರ್ಹವಾಗಿದೆ. ಪ್ರತಿ ಕೋಷ್ಟಕವೂ ಅದರಲ್ಲಿ ಎರಡು ಭಾಗವಾಗಿರುತ್ತದೆ. ಬಿಗಿಯಾಗಿ ಸಂಕುಚಿತವಾದ, ಓದಲು ಅತ್ಯಂತ ಶೀಘ್ರವಾದ ಮುಖ್ಯ ಭಾಗ ಒಂದು. ಹೊಸ ದಾಖಲೆಗಳನ್ನು ಥಟ್ಟನೆ ಬರೆದುಕೊಳ್ಳಲು ‘ಡೆಲ್ಟಾ’ ಎಂಬ ಪುಟ್ಟ ಭಾಗ ಇನ್ನೊಂದು. ಪ್ರಶ್ನೆ ಬಂದಾಗ ಎರಡನ್ನೂ ನೋಡಿ ಉತ್ತರ ಕೊಡಲಾಗುತ್ತದೆ. ಡೆಲ್ಟಾ ದೊಡ್ಡದಾದಾಗ ಅದನ್ನು ಮುಖ್ಯ ಭಾಗದೊಂದಿಗೆ ಬೆಸೆಯುವ ಕೆಲಸ ಬಳಕೆದಾರರಿಗೆ ತೊಂದರೆಯಾಗದಂತೆ ಹಿನ್ನೆಲೆಯಲ್ಲಿ ನಡೆಯುತ್ತದೆ. ವಿದ್ಯುತ್ ಹೋದರೆ ಮೆಮೊರಿಯಲ್ಲಿರುವುದೆಲ್ಲ ಅಳಿಸಿಹೋಗುವುದಿಲ್ಲವೇ ಎಂಬ ಸಹಜವಾದ ಶಂಕೆಗೂ ಉತ್ತರವಿದೆ. ಪ್ರತಿ ಬದಲಾವಣೆಯೂ ಕಾಯಂ ಶೇಖರಣೆಯ ದಿನಚರಿಯಲ್ಲಿ ಬರೆಯಲ್ಪಟ್ಟ ಮೇಲೆಯೇ ವ್ಯವಹಾರ ಪೂರ್ಣವಾಯಿತೆಂದು ತಂತ್ರಾಂಶ ಒಪ್ಪುತ್ತದೆ. ನಿಯತ ಅವಧಿಗೊಮ್ಮೆ ಮೆಮೊರಿಯ ಸ್ಥಿತಿಯ ಪ್ರತಿಯೂ ಡಿಸ್ಕಿಗೆ ಇಳಿಯುತ್ತದೆ. ಯಂತ್ರ ನಿಂತು ಮತ್ತೆ ಹೊರಟಾಗ ಇವೆರಡರಿಂದ ಹಿಂದಿನ ಸ್ಥಿತಿಯನ್ನು ಮರಳಿ ಕಟ್ಟಲಾಗುತ್ತದೆ.

ಖತಾವಣಿ ಬೇಡವಾದಾಗ

ಮೊತ್ತವನ್ನು ಕೇಳಿದ ಗಳಿಗೆಯಲ್ಲೇ ಕೂಡಿಸಿ ಕೊಡಬಹುದಾದರೆ ಅದನ್ನು ಮೊದಲೇ ಕೂಡಿಸಿಡುವುದೇಕೆ? ಈ ಪ್ರಶ್ನೆಯಿಂದ ಇಆರ್‌ಪಿ ತಂತ್ರಾಂಶದ ರಚನೆಯೇ ಬದಲಾಯಿತು. 2015ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ‘ಎಸ್/4 ಹಾನಾ’ದಲ್ಲಿ ಹಣಕಾಸು ವಿಭಾಗದ ಮೊತ್ತದ ಕೋಷ್ಟಕಗಳೂ ಸೂಚಿ ಕೋಷ್ಟಕಗಳೂ ಹಿಂದೆ ಸರಿದು, ‘ಯೂನಿವರ್ಸಲ್ ಜರ್ನಲ್’ ಎಂಬ ಒಂದೇ ಮಹಾಕಿರ್ದಿ ಅವುಗಳ ಸ್ಥಾನಕ್ಕೆ ಬಂತು. ಹೊರಗಿನವರಿಗೆ, ಅಂದರೆ ತೆರಿಗೆ ಇಲಾಖೆಗೆ ಮತ್ತು ಷೇರುದಾರರಿಗೆ ಒಪ್ಪಿಸುವ ಹಣಕಾಸು ಲೆಕ್ಕವೂ, ವಿಭಾಗವಾರು ಖರ್ಚು-ಲಾಭಗಳನ್ನು ತಿಳಿಯಲು ಕಂಪನಿ ತನಗಾಗಿ ಇಟ್ಟುಕೊಳ್ಳುವ ವೆಚ್ಚ ಲೆಕ್ಕವೂ ಹಿಂದೆ ಬೇರೆ ಬೇರೆ ಕೋಷ್ಟಕಗಳಲ್ಲಿದ್ದು ಪರಸ್ಪರ ತಾಳೆಯಾಗಬೇಕಿತ್ತು. ಈಗ ಒಂದೇ ಸಾಲಿನಲ್ಲಿ ಎರಡರ ವಿವರವೂ ಇರುವುದರಿಂದ ಅವುಗಳ ನಡುವೆ ತಾಳೆ ನೋಡುವ ಕೆಲಸಕ್ಕೇ ಎಡೆಯಿಲ್ಲವಾಯಿತು. ಒಟ್ಟು ಮಾರಾಟದ ಅಂಕಿಯಿಂದ ಹೊರಟು ರಾಜ್ಯ, ಜಿಲ್ಲೆ, ಮಳಿಗೆ ಎಂದು ಇಳಿಯುತ್ತ ಕೊನೆಗೆ ಆ ಅಂಕಿಗೆ ಕಾರಣವಾದ ಒಂದು ಬಿಲ್ಲಿನವರೆಗೂ ತಲುಪಬಹುದು. ವೇಗವೆಂದು ಎದ್ದು ಕಾಣುವುದು ಸೆಕೆಂಡುಗಳ ಉಳಿತಾಯವಾದರೂ, ಅಂಕಿಯ ಮೂಲವನ್ನು ಯಾರು ಬೇಕಾದರೂ ಹುಡುಕಿ ನೋಡಬಹುದಾದದ್ದೇ ಇದರ ನಿಜವಾದ ಗಳಿಕೆ.

ಈ ಬದಲಾವಣೆಯಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. 1998ರಲ್ಲಿ ಇಲ್ಲಿ ಆರಂಭವಾದ ಎಸ್‌ಎಪಿ ಲ್ಯಾಬ್ಸ್ ಇಂಡಿಯಾ, ಜರ್ಮನಿಯ ಹೊರಗೆ ಆ ಸಂಸ್ಥೆಗಿರುವ ಅತಿ ದೊಡ್ಡ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವಾಗಿದೆ. ಜೊತೆಗೆ, ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟಿಸುವ ಕೆಲಸ ನಗರದ ಐಟಿ ಸೇವಾ ಕಂಪನಿಗಳ ದೊಡ್ಡ ಕಸುಬುಗಳಲ್ಲಿ ಒಂದಾಗಿದೆ. ಹಳೆಯ ಇಆರ್‌ಪಿಗೆ ನೀಡುವ ಸಾಮಾನ್ಯ ನಿರ್ವಹಣೆ 2027ರ ಅಂತ್ಯಕ್ಕೆ ಮುಗಿಯುವುದೆಂದು ಎಸ್‌ಎಪಿ ಪ್ರಕಟಿಸಿರುವುದರಿಂದ ಈ ದಾಟುವಿಕೆಗೆ ಅವಸರವೂ ಸೇರಿಕೊಂಡಿದೆ.

ಮೋಡದಿಂದ ಲ್ಯಾಪ್‌ಟಾಪಿನವರೆಗೆ

ಎಸ್‌ಎಪಿ ಒಂದೇ ಈ ಹಾದಿ ಹಿಡಿದದ್ದಲ್ಲ. ಮೈಕ್ರೋಸಾಫ್ಟ್, ಐಬಿಎಂ, ಆರಕಲ್ ಮೂರೂ 2012ರಿಂದ 2014ರ ನಡುವೆ ತಮ್ಮ ಡೇಟಾಬೇಸುಗಳಿಗೆ ಕಂಬಸಾಲಿನ ಸೌಲಭ್ಯವನ್ನು ಸೇರಿಸಿದವು. ಗೂಗಲ್‌ನ ‘ಬಿಗ್‌ಕ್ವೆರಿ’, ಅಮೆಜಾನ್‌ನ ‘ರೆಡ್‌ಶಿಫ್ಟ್’, 2012ರಲ್ಲಿ ಹುಟ್ಟಿದ ‘ಸ್ನೋಫ್ಲೇಕ್’ ಮುಂತಾದವು ಇದೇ ತತ್ತ್ವವನ್ನು ಕ್ಲೌಡ್‌ಗೆ, ಅಂದರೆ ಅಂತರಜಾಲದ ಮೂಲಕ ಬಾಡಿಗೆಗೆ ಸಿಗುವ ಯಂತ್ರಗಳಿಗೆ ಒಯ್ದವು. ಸ್ನೋಫ್ಲೇಕ್ ದತ್ತಾಂಶದ ಶೇಖರಣೆಯನ್ನೂ ಲೆಕ್ಕ ಮಾಡುವ ಯಂತ್ರಗಳನ್ನೂ ಬೇರ್ಪಡಿಸಿದ್ದರಿಂದ, ತಿಂಗಳ ಕೊನೆಯ ಎರಡು ದಿನ ಹೆಚ್ಚು ಯಂತ್ರಗಳನ್ನು ಪಡೆದು ಉಳಿದ ದಿನ ಬಿಟ್ಟುಕೊಡುವುದು, ಬಳಸಿದಷ್ಟಕ್ಕೆ ಮಾತ್ರ ಹಣ ಕೊಡುವುದು ಸಾಧ್ಯವಾಯಿತು. ಇದರಲ್ಲಿ ಒಂದು ಅಪಾಯವೂ ಅಡಗಿದೆ: ಅಜಾಗರೂಕತೆಯಿಂದ ಬರೆದ ಪ್ರಶ್ನೆಯೊಂದು ದಿನವಿಡೀ ಮರುಕಳಿಸುತ್ತಿದ್ದರೆ ಅದರ ಬಾಡಿಗೆಯೂ ಸದ್ದಿಲ್ಲದೆ ಏರುತ್ತಿರುತ್ತದೆ.

ಸಣ್ಣ ವ್ಯಾಪಾರಿಗಳ ಮಟ್ಟಕ್ಕೂ ಈ ತಂತ್ರ ಇಳಿದಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಎಕ್ಸೆಲ್ 2010ರ ‘ಪವರ್ ಪಿವಟ್’ ಜೊತೆಗೆ ಬಂದು, ಈಗ ‘ಪವರ್ ಬಿಐ’ಯ ಒಳಗಿರುವ ಲೆಕ್ಕದ ಯಂತ್ರವೂ ದತ್ತಾಂಶವನ್ನು ಕಂಬಸಾಲುಗಳಲ್ಲಿ ಕುಗ್ಗಿಸಿ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಬೆಂಗಳೂರಿನದೇ ಕೊಡುಗೆಯಾದ ‘ಟ್ಯಾಲಿ’ಯಲ್ಲಿ ಲೆಕ್ಕ ಬರೆಯುವ ದಾವಣಗೆರೆಯ ಬಟ್ಟೆ ವ್ಯಾಪಾರಿಯಾಗಲಿ ಹುಬ್ಬಳ್ಳಿಯ ಬಿಡಿಭಾಗಗಳ ವಿತರಕನಾಗಲಿ ತನ್ನ ಹಲವು ವರ್ಷಗಳ ಬಿಲ್ಲುಗಳನ್ನು ಇಂಥ ತಂತ್ರಾಂಶಕ್ಕೆ ಕೊಟ್ಟು, ಯಾವ ಗ್ರಾಹಕರ ಬಾಕಿ 90 ದಿನ ಮೀರಿದೆ, ಯಾವ ಸರಕು ಆರು ತಿಂಗಳಿಂದ ಅಲುಗಾಡಿಲ್ಲ ಎಂಬುದನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಕ್ಷಣದಲ್ಲಿ ಕಾಣಬಹುದು.

ಯಂತ್ರ ನೀಗಿಸದ ವಿಳಂಬ

ಇಷ್ಟೆಲ್ಲ ವೇಗವಿದ್ದೂ ಎಷ್ಟೋ ಕಂಪನಿಗಳಲ್ಲಿ ವರದಿಗಳ ಬಗೆಗಿನ ದೂರು ಹಾಗೆಯೇ ಉಳಿದಿರುವುದಕ್ಕೆ ಕಾರಣ ಬೇರೆಡೆ ಇದೆ. ಮೇಲೆ ಹೇಳಿದ ಜಿಲ್ಲೆಯ ಕಂಬಸಾಲನ್ನೇ ಇನ್ನಷ್ಟು ಹತ್ತಿರದಿಂದ ನೋಡಬಹುದು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಬದಲಾದವು. ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಬಿಲ್ಲು ಬರೆಯುವವರಲ್ಲಿ ಕೆಲವರು ಹಳೆಯ ಹೆಸರನ್ನೂ ಕೆಲವರು ಹೊಸ ಹೆಸರನ್ನೂ ಬಳಸುತ್ತಿದ್ದರೆ, ತಂತ್ರಾಂಶದ ಪಟ್ಟಿಯಲ್ಲಿ ಈ ಎರಡು ಜಿಲ್ಲೆಗಳು ನಾಲ್ಕಾಗುತ್ತವೆ. 31ರ ಪಟ್ಟಿ 33ಕ್ಕೆ ಏರಿ 5 ಬಿಟ್‌ಗಳ ಮಿತಿಯನ್ನೂ ದಾಟುತ್ತದೆ. ಬಿಟ್ ಒಂದು ಹೆಚ್ಚಾದರೆ ನಷ್ಟವೇನಿಲ್ಲ, ಆದರೆ ಜಿಲ್ಲೆಯ ಮಾರಾಟ ಎರಡು ಕಡೆ ಹಂಚಿಹೋಗಿ ಎರಡೂ ಕಡೆ ಕಡಿಮೆ ತೋರುತ್ತದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟದ್ದನ್ನು ಗಮನಿಸದೆ ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಬಳ್ಳಾರಿಯ ವ್ಯಾಪಾರ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ಇಂಥ ತಪ್ಪು ಉತ್ತರವನ್ನು ಹಾನಾ ಕೂಡ ಕ್ಷಣಾರ್ಧದಲ್ಲೇ ಕೊಡುತ್ತದೆ. ಗ್ರಾಹಕ, ಸರಕು, ಸ್ಥಳ ಮೊದಲಾದವುಗಳ ಅಧಿಕೃತ ಪಟ್ಟಿಯನ್ನು ಒಂದೇ ಕಡೆ ಇಟ್ಟು, ಅದನ್ನು ತಿದ್ದುವ ಅಧಿಕಾರ ಯಾರದೆಂದು ಗೊತ್ತುಪಡಿಸುವ ಶಿಸ್ತಿಗೆ ‘ಮಾಸ್ಟರ್ ಡೇಟಾ’ ನಿರ್ವಹಣೆ ಎನ್ನುತ್ತಾರೆ. ಇದು ತಂತ್ರಾಂಶದ ಜೊತೆಗೆ ಸಿದ್ಧವಾಗಿ ಬರುವ ವಸ್ತುವಲ್ಲ.

ವ್ಯಾಖ್ಯೆಯ ಸಮಸ್ಯೆ ಇದಕ್ಕಿಂತ ಆಳವಾದದ್ದು. ಮಾರಾಟವೆಂದರೆ ಬೇಡಿಕೆ ಬಂದದ್ದೋ, ಬಿಲ್ಲು ಹಾಕಿದ್ದೋ, ಹಣ ಕೈಸೇರಿದ್ದೋ? ವಾಪಸಾದ ಸರಕನ್ನು ಯಾವ ತಿಂಗಳ ಲೆಕ್ಕದಿಂದ ಕಳೆಯಬೇಕು? ಜಿಎಸ್‌ಟಿ ಸೇರಿದ ಮೊತ್ತವೋ ಸೇರದ್ದೋ ಎಂಬುದನ್ನು ಮಾರಾಟ ವಿಭಾಗವೂ ಹಣಕಾಸು ವಿಭಾಗವೂ ಬೇರೆ ಬೇರೆಯಾಗಿ ತಿಳಿದಿದ್ದರೆ ಒಂದೇ ಸಭೆಗೆ ಎರಡು ಅಂಕಿಗಳು ಬರುತ್ತವೆ. ಜರ್ಮನಿಯ ಚಿಲ್ಲರೆ ವ್ಯಾಪಾರ ಸಂಸ್ಥೆ ಲಿಡ್ಲ್ 2018ರಲ್ಲಿ ತನ್ನ ಎಸ್‌ಎಪಿ ಯೋಜನೆಯನ್ನು ಕೈಬಿಟ್ಟಾಗ, ಅದಕ್ಕೆ ಏಳು ವರ್ಷಗಳಲ್ಲಿ ಸುಮಾರು 50 ಕೋಟಿ ಯೂರೋ ವೆಚ್ಚವಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಲಿಡ್ಲ್ ತನ್ನ ದಾಸ್ತಾನಿಗೆ ಖರೀದಿ ಬೆಲೆಯಲ್ಲಿ ಬೆಲೆಕಟ್ಟುತ್ತಿತ್ತು, ತಂತ್ರಾಂಶದ ಸಿದ್ಧ ಮಾದರಿಯಾದರೋ ಮಾರಾಟ ಬೆಲೆಯನ್ನು ಆಧರಿಸಿತ್ತು. ರೂಢಿಯನ್ನು ಬಿಡಲೊಪ್ಪದೆ ತಂತ್ರಾಂಶವನ್ನೇ ತನಗೆ ತಕ್ಕಂತೆ ತಿದ್ದಿಸುತ್ತ ಹೋದದ್ದು ಯೋಜನೆ ಜಟಿಲವಾಗಲು ಒಂದು ಕಾರಣವೆಂದು ಆಗ ವಿಶ್ಲೇಷಿಸಲಾಗಿತ್ತು. ಅಲ್ಲಿ ಕೊರತೆಯಾದದ್ದು ಯಂತ್ರದ ವೇಗವಲ್ಲ.

ಆದ್ದರಿಂದ ಇಂಥ ತಂತ್ರಾಂಶಕ್ಕೆ ಹಣ ಹೂಡುವ ಮುನ್ನ, ಯಾವ ನಿರ್ಧಾರವನ್ನು ಎಷ್ಟು ಬೇಗ ತೆಗೆದುಕೊಳ್ಳಬೇಕಾಗಿದೆ ಎಂಬುದನ್ನು ಉದ್ಯಮಗಳು ಮೊದಲು ಕೇಳಿಕೊಳ್ಳಬೇಕು. ಕಾರ್ಡ್ ಪಾವತಿಯಲ್ಲಿ ವಂಚನೆಯ ಸುಳಿವು ಹಿಡಿಯಲು ಸೆಕೆಂಡೂ ಹೆಚ್ಚೇ. ಹಾಲು, ಹಣ್ಣು, ತರಕಾರಿಗಳ ಪೂರೈಕೆಗೆ ಗಂಟೆಗಳ ಲೆಕ್ಕ ಬೇಕು. ಹೊಸ ಕಾರ್ಖಾನೆಯನ್ನು ಎಲ್ಲಿ ಕಟ್ಟಬೇಕೆಂಬ ತೀರ್ಮಾನಕ್ಕೆ ಕಳೆದ ತಿಂಗಳ ವರದಿಯೇ ಧಾರಾಳವಾಯಿತು. ವಾರಕ್ಕೊಮ್ಮೆ ಮಾತ್ರ ಆದೇಶ ಕೊಡುವ ಸಂಸ್ಥೆ ಗಳಿಗೆಗೊಮ್ಮೆ ಬದಲಾಗುವ ಫಲಕಕ್ಕೆ ದುಡ್ಡು ಸುರಿದರೆ ಅದರಿಂದ ಗೋಡೆಯ ಅಂದ ಹೆಚ್ಚೀತೇ ಹೊರತು ವ್ಯಾಪಾರವಲ್ಲ. ಕಿರ್ದಿಯಿಂದ ನೇರವಾಗಿ ಉತ್ತರ ಪಡೆಯುವ ಕಾಲದಲ್ಲಿ ಕಿರ್ದಿ ಬರೆಯುವವರ ಹೊಣೆ ಹಿಂದೆಂದಿಗಿಂತ ಹೆಚ್ಚಿದೆ, ಏಕೆಂದರೆ ರಾತ್ರೋರಾತ್ರಿ ದತ್ತಾಂಶವನ್ನು ತೊಳೆದು ಉಗ್ರಾಣಕ್ಕೆ ಸೇರಿಸುತ್ತಿದ್ದ ನಡುವಿನ ಹಂತ ಈಗ ತೆಳುವಾಗಿದೆ. ಬೆಳಗ್ಗೆ ಕೌಂಟರಿನಲ್ಲಿ ಆದ ತಪ್ಪು ಮಧ್ಯಾಹ್ನದೊಳಗೆ ಆಡಳಿತ ಮಂಡಳಿಯ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತದೆ. ತಂತ್ರಾಂಶಕ್ಕೆ ಕೊಡುವ ಹಣದ ಒಂದು ಪಾಲನ್ನು ಆ ಕೌಂಟರಿನ ಸಿಬ್ಬಂದಿಯ ತರಬೇತಿಗೂ, ವಿಭಾಗಗಳೆಲ್ಲ ಒಪ್ಪಿದ ವ್ಯಾಖ್ಯೆಗಳನ್ನು ಬರೆದಿಡುವುದಕ್ಕೂ ಮೀಸಲಿಡುವ ಉದ್ಯಮಕ್ಕೆ ಮಾತ್ರ ಕೊಂಡ ವೇಗದ ಪೂರ್ಣ ಫಲ ದಕ್ಕುತ್ತದೆ.